ಮಾತಿಗೊಂದು ಹುಣಸೆಬೀಜ

ಫಾಸ್ಟರ್ ಸಿಟಿ
12 ಜನವರಿ 2025

ಸಂಯುಕ್ತಾ ಅವರಿಗೆ,

ನೀವು ಈಚೆಗೆ ಯಾರ ಫೋನನ್ನೂ ಎತ್ತುತ್ತಿಲ್ಲ, ಎತ್ತಿದರೆ ಅನುರಾಗನ ಎದುರಿಗೇ ಅವನ ವಿಷಯ ಮಾತಾಡಬೇಕಾಗುತ್ತದೆ, ಅವನು ಎದ್ದು ಒಳಗೆ ಹೋಗಿಬಿಡುತ್ತಾನೆ ಎಂದು ಗಾರ್ಗಿ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ಬಿಡುವಾದಾಗ ಓದಿ. ಉತ್ತರ ಬರೆಯಲೇಬೇಕೆಂದೇನೂ ಇಲ್ಲ.

ಸ್ಟ್ರೋಕ್ ಆಗಿ ಅವನು ಮನೆಗೆ ಬಂದಾಗ, ಸ್ವಲ್ಪ ದಿನ ಯಾರೂ ಬರುವುದು ಬೇಡ, ಅವನಿಗೆ ಆಯಾಸವಾಗುತ್ತದೆ ಎಂದು ನೀವು ಹೇಳಿದ್ದಿರಿ. ನಾವು ಬರಲಿಲ್ಲ. ಆ ಸ್ವಲ್ಪ ದಿನ ಎಲ್ಲಿಗೆ ಮುಗಿಯಿತು, ಇನ್ನು ಬರಬಹುದೇ ಎಂದು ಕೇಳುವುದು ಹೇಗೆ ಎಂದು ನಮಗೆ ಗೊತ್ತಾಗಲಿಲ್ಲ. ನೋಡುತ್ತ ನೋಡುತ್ತ ವರ್ಷವಾಗುತ್ತ ಬಂತು.

ನಮ್ಮ ಭಾನುವಾರದ ಆಟವೂ ಅಲ್ಲಿಗೇ ನಿಂತಿದೆ. ನೀವು ಯಾವತ್ತೂ ಆಡಿದವರಲ್ಲ, ಪಕ್ಕದ ಕೋಣೆಯಲ್ಲಿ ಓದುತ್ತ ಕೂತಿರುತ್ತಿದ್ದಿರಿ. ನಮ್ಮ ಕೂಗಾಟ ಕೇಳಿ ಕೇಳಿ ಆಟದ ಕ್ರಮ ನಿಮಗೆ ತಿಳಿದೇ ಇರುತ್ತದೆ. ನಾನು ಕಥೆ ಹೇಳುವವನು. ಉಳಿದವರು ಒಂದೊಂದು ಪಾತ್ರ. ಎದುರಿಗೆ ಬಂದದ್ದಕ್ಕೆ ತನ್ನ ಪಾತ್ರ ಏನು ಮಾಡುತ್ತದೆಂದು ಪ್ರತಿಯೊಬ್ಬರೂ ಹೇಳಬೇಕು, ಅದು ಕೈಗೂಡುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಇಲ್ಲಿ ಸಿಗುವ ದಪ್ಪ ಇಂಗ್ಲಿಷ್ ಪುಸ್ತಕದ ನಿಯಮಗಳನ್ನು ತೆಗೆದುಕೊಂಡು ನಾನೂ ಅನುರಾಗನೂ ನಮ್ಮದೇ ಕೆರೆನಾಡು ಕಟ್ಟಿಕೊಂಡಿದ್ದೆವು. ಅವರ ಡ್ರ್ಯಾಗನ್ ಇದ್ದ ಕಡೆ ನಮ್ಮ ಏಳು ಬಾಯಿಯ ಮೊಸಳೆ, ಅವರ ಕೋಟೆ ಇದ್ದ ಕಡೆ ನಮ್ಮ ಏರಿ, ತೂಬು, ಕೋಡಿ.

ಅವನ ಪಾತ್ರ ಮಾಂತ್ರಿಕ ಮಾಯಣ್ಣ ಈಗಲೂ ಮೂರನೇ ಕೆರೆಯ ತೂಬಿನ ಮೇಲೆ ನಿಂತಿದ್ದಾನೆ. ನಮ್ಮ ನಿಯಮದಲ್ಲಿ ಮಂತ್ರವನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಫಲ. ಅನುರಾಗ ಕೂತಲ್ಲೇ ಪ್ರಾಸ ಕಟ್ಟಿ ಹೇಳುತ್ತಿದ್ದ. ಆ ನಿಯಮವನ್ನು ಬದಲಾಯಿಸುತ್ತೇನೆ. ಅವನು ಆಡುವುದಾದರೆ ಗಾರ್ಗಿ, ಗಾನವಿ, ನಾನು ಮೂವರೂ ನಿಮ್ಮ ಮನೆಗೇ ಬರುತ್ತೇವೆ. ಅವನನ್ನು ಒಮ್ಮೆ ಕೇಳುತ್ತೀರಾ?

ನಿಮ್ಮ
ಸುಘೋಷ್


ವಾಲ್ನಟ್ ಕ್ರೀಕ್
27 ಜನವರಿ 2025

ಸುಘೋಷ್ ಅವರಿಗೆ,

ಪತ್ರ ಓದಿದೆ. ನೀವು ಬರಲಿಲ್ಲವೆಂದು ಬೇಸರವಿಲ್ಲ. ಬೇಸರ ಎನ್ನುವುದೇ ಇಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟಮೇಲೆ ತುಟಿ ಮುಟ್ಟಿ ನೋಡಿಕೊಂಡರೆ ಇನ್ಯಾರದೋ ತುಟಿಯಂತೆ ಇರುತ್ತದಲ್ಲ, ನಾನು ಹಾಗಿದ್ದೇನೆ. ಎಲ್ಲರೂ ಅದನ್ನು ಧೈರ್ಯ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಅವನು ಈಗ ಕೋಲು ಹಿಡಿದು ನಡೆಯುತ್ತಾನೆ. ಬಲಗೈ ಇನ್ನೂ ಬಂದಿಲ್ಲ. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ ಎಂದು ಥೆರಪಿಸ್ಟು ಹೇಳುತ್ತಾಳೆ. ಹೇಳಲು ಹೊರಟರೆ ಮಾತ್ರ ಬಾಯಲ್ಲಿ ಒಂದೇ ಒಂದು ಮಾತು ಬರುತ್ತದೆ, 'ನಾಳೆ'. ನೀರು ಬೇಕಾದರೂ ನಾಳೆ, ಕಿಟಕಿ ಮುಚ್ಚಬೇಕಾದರೂ ನಾಳೆ. ಕೆಲವರಿಗೆ ಹೀಗೆ ಒಂದು ಮಾತು ಸಿಕ್ಕಿಹಾಕಿಕೊಂಡುಬಿಡುತ್ತದಂತೆ. ಅದಕ್ಕೆ ಅರ್ಥ ಹುಡುಕಬೇಡಿ ಎಂದಿದ್ದಾಳೆ. ದಿನವಿಡೀ ಅರ್ಥ ಹುಡುಕುವುದೇ ನನ್ನ ಕೆಲಸ. ಡಾಕ್ಟರಿಗೆ, ಬ್ಯಾಂಕಿನವರಿಗೆ, ಅವನ ಅಣ್ಣನಿಗೆ, ಎಲ್ಲರಿಗೂ ಅವನ ಮಾತನ್ನು ನಾನೇ ಹೇಳುತ್ತೇನೆ. ಈಗ ಅಭ್ಯಾಸವಾಗಿದೆ. ಅವನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಹೇಳಿಬಿಡುತ್ತೇನೆ.

ನಿಮಗೆ ತಿಳಿಸಬೇಕಾದದ್ದು ಇನ್ನೊಂದಿದೆ. ಆಗಸ್ಟ್ ಹೊತ್ತಿಗೆ ನಾವು ಮೈಸೂರಿಗೆ ಹೋಗಿಬಿಡುತ್ತೇವೆ. ಆನಂದತೀರ್ಥ ಭಾವ ಸರಸ್ವತಿಪುರದ ತಮ್ಮ ಮನೆಯ ಕೆಳಭಾಗವನ್ನು ನಮಗಾಗಿ ಖಾಲಿ ಮಾಡಿಸಿದ್ದಾರೆ. ಗಾಲಿಕುರ್ಚಿಗೆ ಬೇಕಾದೀತೆಂದು ಮೆಟ್ಟಿಲ ಪಕ್ಕ ಇಳಿಜಾರನ್ನೂ ಕಟ್ಟಿಸಿದ್ದಾರೆ. ಅಲ್ಲಿ ಜನ ಇದ್ದಾರೆ, ಇಲ್ಲಿ ನಾನೊಬ್ಬಳು. ಅನುರಾಗನೂ ಒಪ್ಪಿದ್ದಾನೆ.

ಆಟದ ವಿಷಯ ಹೇಳಿದೆ. 'ನಾಳೆ' ಎಂದ. ಅದು ಹೌದು ಎಂದೇ ನನಗೆ ಅನ್ನಿಸಿತು. ಬನ್ನಿ. ಊಟ ಇಲ್ಲೇ ಮಾಡಿದರಾಯಿತು.

ಸಂಯುಕ್ತಾ


ಫಾಸ್ಟರ್ ಸಿಟಿ
16 ಫೆಬ್ರವರಿ 2025

ಸಂಯುಕ್ತಾ ಅವರಿಗೆ,

ಮೈಸೂರಿನ ವಿಷಯ ಗಾರ್ಗಿ, ಗಾನವಿಗೂ ಹೇಳಿದೆ. ಹಾಗಿದ್ದರೆ ಹೊರಡುವುದಕ್ಕೆ ಮುಂಚೆ ಮಾಯಣ್ಣನ ಕಥೆಯನ್ನಾದರೂ ಒಂದು ದಡ ಮುಟ್ಟಿಸಬೇಕು ಎಂದಳು ಗಾನವಿ.

ಹೊಸ ನಿಯಮ ಬರೆದಿದ್ದೇನೆ. ಮಾಯಣ್ಣನಿಗೆ ಮಾತ್ರ ಮೌನಮಂತ್ರ. ಅವನು ಬಾಯಿಬಿಡಬೇಕಿಲ್ಲ. ಮೇಜಿನ ಮೇಲೆ ಹರಡುವ ಕೆರೆನಾಡಿನ ಪಟದ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು, ಮಂತ್ರ ಹೇಳಿದಂತೆಯೇ ಲೆಕ್ಕ. ದಾಳವನ್ನು ಮೂರು ಸಲ ಉರುಳಿಸಿ ಒಳ್ಳೆಯ ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಅವನು ಸಾಯುವಂತಹ ಸಂದರ್ಭ ಬಂದರೆ ನಾನೇ ಕಥೆಯನ್ನು ಬೇರೆ ಕಡೆ ತಿರುಗಿಸುತ್ತೇನೆ. ಎಡಗೈಗೆ ಹಿಡಿಯಲು ಸುಲಭವಾಗಲೆಂದು ದೊಡ್ಡ ದಾಳಗಳನ್ನೂ ತರಿಸಿದ್ದೇನೆ.

ಮಾರ್ಚ್ ಮೊದಲ ಭಾನುವಾರ ಬರುತ್ತೇವೆ.

ನಿಮ್ಮ
ಸುಘೋಷ್


ವಾಲ್ನಟ್ ಕ್ರೀಕ್
4 ಮಾರ್ಚ್ 2025

ಸುಘೋಷ್ ಅವರಿಗೆ,

ಮೊನ್ನೆ ಅವನು ನಿಮ್ಮ ನಿಯಮದ ಹಾಳೆಯನ್ನು ಮುದುರಿ, ದಾಳಗಳನ್ನೆಲ್ಲ ಎಡಗೈಯಿಂದ ನೆಲಕ್ಕೆ ತಳ್ಳಿದ್ದಕ್ಕೆ ಕ್ಷಮೆ ಕೇಳಲು ಬರೆಯುತ್ತಿಲ್ಲ. ಅವನಿಗೆ ಸುಸ್ತಾಗಿದೆ, ಇವತ್ತಿಗೆ ಸಾಕು ಎಂದು ನಿಮಗೆಲ್ಲ ಹೇಳಿದವಳು ನಾನು. ಗಾರ್ಗಿ ಚಪ್ಪಲಿ ಹಾಕಿಕೊಳ್ಳುತ್ತ ಕಣ್ಣು ಒರೆಸಿಕೊಂಡಳು. ಅವಳನ್ನು ನೋಡಿ, ಹೀಗೆ ಅಳುವುದು ಎಷ್ಟು ಸಲೀಸು ಎಂದುಕೊಂಡೆ, ಅಷ್ಟೇ.

ನೀವು ಹೋದಮೇಲೆ ಆದದ್ದನ್ನು ತಿಳಿಸಬೇಕೆನಿಸಿತು. ಅವನು ಕೋಲನ್ನು ಗೋಡೆಗೆ ಒರಗಿಸಿ, ಸೋಫಾ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಇಳಿದ. ಎತ್ತಿಕೊಡಲು ಹೋದೆ. ಬೇಡವೆಂದು ನನ್ನ ಕೈ ತಳ್ಳಿದ. ಒಂದೊಂದೇ ದಾಳ ಹುಡುಕಿ ಸೇರಿಸಿಕೊಂಡ. ಆಮೇಲೆ ಅಲ್ಲೇ ಕೂತು ಒಬ್ಬನೇ ಉರುಳಿಸತೊಡಗಿದ. ಒಂದೇ ಸಲ ಉರುಳಿಸುವುದು, ಬಿದ್ದದ್ದನ್ನು ನೋಡುವುದು, ಮತ್ತೆ ತೆಗೆದುಕೊಳ್ಳುವುದು. ಒಮ್ಮೆ ಒಂದು ಬಿತ್ತು. ಅಂದರೆ ಎಲ್ಲಕ್ಕಿಂತ ಕೆಟ್ಟದ್ದು, ಅಲ್ಲವೇ? ಅದನ್ನು ನೋಡಿ ಅವನು ನಕ್ಕ. ಹಳೆಯ ನಗು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸಂತೋಷವಾಗಬೇಕಿತ್ತು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ಹೋಗಿ ಆರಿಸಿದೆ.

ಇದರಲ್ಲಿ ನಿಮಗೇನಾದರೂ ತಿಳಿದರೆ ಸರಿ. ನನಗೆ ತಿಳಿಯಲಿಲ್ಲ.

ಸಂಯುಕ್ತಾ


ಫಾಸ್ಟರ್ ಸಿಟಿ
13 ಏಪ್ರಿಲ್ 2025

ಸಂಯುಕ್ತಾ ಅವರಿಗೆ,

ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ಅವನು ಆಟದ ಮೇಲೆ ಸಿಟ್ಟಾಗಿರಲಿಲ್ಲ. ಸೋಲುವುದಕ್ಕೇ ಜಾಗವಿಲ್ಲದಂತೆ ನಾನು ಮಾಡಿಟ್ಟಿದ್ದೆ. ಸೋಲದ ಆಟವನ್ನು ಯಾರು ಆಡುತ್ತಾರೆ? ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗಾಯಿತು.

ಆ ನಿಯಮ ಹರಿದುಹಾಕಿ ಬೇರೆ ಬರೆದೆ. ಈ ಸಲ ಅವನಿಗೆಂದು ಪ್ರತ್ಯೇಕವಾಗಿ ಏನೂ ಇಲ್ಲ. ಮೂರನೇ ಕೆರೆಯ ಆಚೆ ಸದ್ದುನುಂಗಿ ಎಂಬ ಪ್ರಾಣಿಯ ರಾಜ್ಯ. ಅಲ್ಲಿ ಕಾಲಿಟ್ಟವರ ಮಾತನ್ನು ಅದು ನುಂಗುತ್ತದೆ. ಒಬ್ಬೊಬ್ಬರಿಗೆ ಐದು ಹುಣಸೆಬೀಜ. ಒಂದು ಮಾತಿಗೆ ಒಂದು ಬೀಜ. ಬೀಜ ಮುಗಿದರೆ ಆ ದಿನಕ್ಕೆ ಮಾತು ಮುಗಿಯಿತು. ಕೈಸನ್ನೆ, ಮುಖಭಾವ, ಚಿತ್ರ ಬರೆಯುವುದು, ಕಾಯಿ ನಡೆಸುವುದು, ಇವಕ್ಕೆ ಲೆಕ್ಕವಿಲ್ಲ. ಮಾಯಣ್ಣನ ಮಂತ್ರಕ್ಕೂ ಇನ್ನು ಸನ್ನೆಯೇ. ದಾಳ ಎಲ್ಲರಿಗೂ ಒಂದೇ ಸಲ. ಮಾಯಣ್ಣ ಸಾಯಲೂಬಹುದು. ಕಥೆ ಹೇಳುವುದಕ್ಕೆ ನನಗೆ ಮಾತ್ರ ಬಾಯಿ ಇದೆ.

ಕಳೆದ ವಾರ ಡ್ಯಾನ್‌ವಿಲ್‌ನಲ್ಲಿ ಗಾರ್ಗಿಯ ಮನೆಯಲ್ಲಿ ಆಡಿ ನೋಡಿದೆವು. ಗಾನವಿ ಗೋಡೆ ಹತ್ತೋಣ ಎಂದು ಎರಡೂ ಕೈ ಮೇಲೆತ್ತಿದಳು. ಗಾರ್ಗಿ ಅದನ್ನು ದೇವರಿಗೆ ಕೈಮುಗಿಯುವುದೆಂದು ತಿಳಿದು ತನ್ನ ಕಾಯಿಯನ್ನು ಮಂಡಿಯೂರಿಸಿದಳು. ಕಾವಲಿನವರು ಬಂದು ಇಬ್ಬರನ್ನೂ ಹಿಡಿದರು. ಆಸ್ಪತ್ರೆಯಲ್ಲಿ ದಿನವೂ ರೋಗಿಗಳ ಜೊತೆ ಮಾತಾಡುವ ಗಾರ್ಗಿ ಆಮೇಲೆ ಖಾಲಿ ಅಂಗೈ ಬಿಚ್ಚಿ, ಒಂದು ಬೀಜವೂ ಉಳಿದಿಲ್ಲವೆಂದು ತೋರಿಸಿದಳು. ನಮಗೆ ಬರಿಯ ಒಂದು ಸಂಜೆಗೆ ಇಷ್ಟು ಉಸಿರು ಕಟ್ಟಿತು.

ಇನ್ನೊಂದು ನಿಯಮವಿದೆ. ಇದನ್ನು ಬರೆಯಲು ನನಗೆ ಸಂಕೋಚ. ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡುವಂತಿಲ್ಲ. ಮೇಜಿನ ಹತ್ತಿರ ಇರುವವರೆಲ್ಲರಿಗೂ, ಆಡದವರಿಗೂ ಇದು ಅನ್ವಯ. ನಿಮಗೆ ಒಪ್ಪಿಗೆಯಾಗದಿದ್ದರೆ ಬರೆಯಿರಿ, ತೆಗೆದುಹಾಕುತ್ತೇನೆ.

ನಿಮ್ಮ
ಸುಘೋಷ್


ವಾಲ್ನಟ್ ಕ್ರೀಕ್
9 ಜೂನ್ 2025

ಸುಘೋಷ್ ಅವರಿಗೆ,

ನಿಮ್ಮ ಆ ನಿಯಮಕ್ಕೆ ನಾನು ಉತ್ತರ ಬರೆಯಲಿಲ್ಲ. ಮೇ ತಿಂಗಳಿಡೀ ಭಾನುವಾರಗಳಲ್ಲಿ ನೀವು ಬಂದಿರಿ, ನಾನು ಅವನ ಪಕ್ಕ ಕೈಕಟ್ಟಿಕೊಂಡು ಕೂತೆ. ಮೊದಲ ದಿನ ನಾಲಗೆ ಕಚ್ಚಿ ಹಿಡಿಯಬೇಕಾಯಿತು. ಅವನು ಒಂದು ಸನ್ನೆ ಮಾಡುವಷ್ಟರಲ್ಲಿ ನನ್ನ ಬಾಯಿಗೆ ಅದರ ಅನುವಾದ ಬಂದಿರುತ್ತಿತ್ತು. ನನ್ನ ಅನುವಾದ ಒಂದಾದರೆ ಅವನು ಮಾಡುತ್ತಿದ್ದದ್ದೇ ಇನ್ನೊಂದು. ಏಣಿ ಬೇಕೆನ್ನುತ್ತಿದ್ದಾನೆ ಎಂದುಕೊಂಡೆ, ಅವನು ಸೇತುವೆ ಕಡಿಯಿರಿ ಎನ್ನುತ್ತಿದ್ದ. ಗಾನವಿಗೆ ತಕ್ಷಣ ಅರ್ಥವಾಯಿತು. ನನಗಾಗಲಿಲ್ಲ.

ಆ ಮೇಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನು ಅವನೇ ಎಂದು ನಿಮಗೆ ಗೊತ್ತು. ನೀವೆಲ್ಲ ಮೊದಲ ಅರ್ಧಗಂಟೆಯಲ್ಲೇ ಬೀಜ ಕಳೆದುಕೊಂಡು ಮೂಕರಾಗಿ ಕೂರುತ್ತೀರಿ. ಅವನ ಬೀಜ ಹಾಗೇ ಇರುತ್ತವೆ.

ನಿನ್ನೆಯದನ್ನು ಬರೆಯಬೇಕು. ನೀವೂ ಇದ್ದಿರಿ. ಆದರೂ ನಾನು ಕಂಡ ಹಾಗೆ ಬರೆದಿಡಬೇಕು.

ಆಟದಲ್ಲಿ ಅಂಬಿಗ ದೋಣಿ ತಂದ. ಅದು ಹೊಳೆಯ ಆಚೆ ಮಾಯಣ್ಣನ ಹುಟ್ಟೂರಿಗೆ ಹೋಗುತ್ತದೆ, ಅಲ್ಲಿ ಅವನವರು ಕಾಯುತ್ತಿದ್ದಾರೆ ಎಂದು ನೀವು ಹೇಳಿದಿರಿ. ಗಾರ್ಗಿ, ಗಾನವಿ ತಮ್ಮ ಕಾಯಿಗಳನ್ನು ದೋಣಿಗಿಟ್ಟರು. ಅನುರಾಗನ ಕೈಗೆ ಎಟುಕುತ್ತಿಲ್ಲವೇನೋ ಎಂದು ಗಾನವಿ ಮಾಯಣ್ಣನನ್ನೂ ಎತ್ತಿ ದೋಣಿಯಲ್ಲಿಟ್ಟಳು. ಅವನು ತೆಗೆದು ದಡದಲ್ಲಿಟ್ಟ. ಅವಳು ಮತ್ತೆ ಇಟ್ಟಳು. ಅವನು ಮತ್ತೆ ತೆಗೆದ. ಅವನಿಗೆ ಗೊತ್ತಾಗಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅವನು ನನ್ನ ಕಡೆ ತಿರುಗದೆಯೇ ಎಡಗೈಯ ಅಂಗೈ ನನ್ನ ಮುಖದೆದುರು ಹಿಡಿದ.

ಆಮೇಲೆ ಒಂದು ಬೀಜ ತೆಗೆದು ಮಧ್ಯಕ್ಕೆ ಸರಿಸಿದ. 'ನಾ' ಎಂದು ಶುರುವಾಯಿತು. ತಲೆ ಕೊಡವಿದ. ಮತ್ತೆ ಅದೇ ಬಂತು. ಬೆವರಿದ. ನೀವು ಯಾರೂ ಅಲ್ಲಾಡಲಿಲ್ಲ. ಹೊರಗೆ ಸ್ಟೇಷನ್ನಿಗೆ ರೈಲು ಬಂದು ಹೋಗುವಷ್ಟು ಹೊತ್ತಾಯಿತು.

"ಇಲ್ಲಿ" ಎಂದ.

ಹೇಳುವಾಗ ಅವನು ಪಟ ನೋಡುತ್ತಿರಲಿಲ್ಲ. ನಮ್ಮ ಊಟದ ಮೇಜನ್ನು ಗೆಣ್ಣಿನಿಂದ ಬಡಿದ.

ನೀವು ಹೋದಮೇಲೆ, ಇದು ಆಟದ ಮಾತೇ ಇರಬಹುದು ಎಂದುಕೊಂಡು ಎರಡು ಚೀಟಿ ಬರೆದೆ, ಒಂದರಲ್ಲಿ ಮೈಸೂರು, ಇನ್ನೊಂದರಲ್ಲಿ ಇಲ್ಲಿ. ಅವನು ಇಲ್ಲಿ ಎನ್ನುವುದನ್ನು ತೋರಿಸಿದ. ಚೀಟಿ ಅದಲುಬದಲು ಮಾಡಿ ಕೇಳಿದೆ. ಅದನ್ನೇ ತೋರಿಸಿದ.

"ಭಾವ ಕೇಳಿದಾಗ ನೀನು ಹೂಂ ಅಂದಿದ್ದೆಯಲ್ಲ ಅನು?" ಎಂದೆ.

ಅವನು ಬೆರಳು ಮಾಡಿ ನನ್ನನ್ನು ತೋರಿಸಿದ.

ನಿಜ. ಭಾವ ವಿಡಿಯೋದಲ್ಲಿ ಕೇಳಿದಾಗ ಅವನು ಹೇಳಿದ್ದು 'ನಾಳೆ'. ಬರುತ್ತಾನಂತೆ ಎಂದವಳು ನಾನು. ಬೇಕೆಂದು ಮಾಡಿದ್ದಲ್ಲ. ಆಗ ಅದು ಹಾಗೇ ಕೇಳಿಸಿತ್ತು.

ಅವನ ಬೆರಳು ನೋಡಿಯೂ ನನಗೆ ಏನೂ ಆಗಲಿಲ್ಲ. ಕಾಫಿ ಲೋಟಗಳನ್ನು ತೊಳೆದು ಬೋರಲು ಹಾಕಿದೆ.

ಸಂಯುಕ್ತಾ


ಫಾಸ್ಟರ್ ಸಿಟಿ
22 ಜೂನ್ 2025

ಸಂಯುಕ್ತಾ ಅವರಿಗೆ,

ಆ ದೋಣಿಯನ್ನು ನಾನು ಬೇಕೆಂದು ತಂದದ್ದಲ್ಲ. ಮಾಯಣ್ಣನನ್ನು ಊರಿಗೆ ಮುಟ್ಟಿಸಿ ಕಥೆ ಮುಗಿಸಬೇಕೆಂದಿದ್ದೆ. ನೀವು ಹೊರಡುವವರು, ಒಂದು ಒಳ್ಳೆಯ ಬೀಳ್ಕೊಡುಗೆ ಆಗುತ್ತದೆ ಎಂದುಕೊಂಡಿದ್ದೆ. ಅವನು ಇಳಿದುಬಿಡುತ್ತಾನೆಂದು ನನಗೂ ಗೊತ್ತಿರಲಿಲ್ಲ.

ಎಲ್ಲಿರಬೇಕೆಂದು ಅವನು ಹೇಳಿದ. ನೀವು ಎಲ್ಲಿರಬೇಕೆಂದಿದ್ದೀರಿ ಎನ್ನುವುದು ನಿಮ್ಮ ಯಾವ ಪತ್ರದಲ್ಲೂ ಇಲ್ಲ. ಎರಡು ಚೀಟಿ ಬರೆದು ನಿಮ್ಮನ್ನು ಯಾರಾದರೂ ಕೇಳಿದರೇ? ನಾನಂತೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಅವಸರವಿಲ್ಲ.

ಅವನ ಪಕ್ಕ ಸುಮ್ಮನೆ ಕೂರುವ ಬದಲು ನೀವೂ ಆಡಬಹುದು. ನಿಮಗೆಂದು ಒಬ್ಬ ದೋಣಿಗಾತಿಯ ಪಾತ್ರ ಬರೆದಿಟ್ಟಿದ್ದೇನೆ.

ನಿಮ್ಮ
ಸುಘೋಷ್


ವಾಲ್ನಟ್ ಕ್ರೀಕ್
15 ಸೆಪ್ಟೆಂಬರ್ 2025

ಸುಘೋಷ್ ಅವರಿಗೆ,

ಉತ್ತರ ತಡವಾಯಿತು. ವಾರವಾರವೂ ನೀವು ಎದುರಿಗೇ ಇರುತ್ತೀರಿ, ಆದರೂ ಇದನ್ನು ಎದುರಿಗೆ ಹೇಳಲಾಗಲಿಲ್ಲ.

ಜುಲೈನಲ್ಲಿ ಭಾವನಿಗೆ ಫೋನ್ ಮಾಡಿದೆ. ಅನುರಾಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ನಾವು ಬರುತ್ತಿಲ್ಲ ಎಂದೆ. ಅವರು ಕೆಳಗಿನ ಮನೆಯ ಬಾಡಿಗೆಯವರನ್ನು ಬಿಡಿಸಿದ್ದು, ಬಚ್ಚಲಿಗೆ ಹಿಡಿಕೆ ಹಾಕಿಸಿದ್ದು ಎಲ್ಲ ಹೇಳಿದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ.

"ಅವನಿಗೆ ಬರೋ ಮನಸ್ಸಿದೆ ಅಂತ ನೀನೇ ಹೇಳಿದ್ಯಲ್ಲಮ್ಮ" ಎಂದರು.

"ನಾನು ಹೇಳಿದ್ದೆ ಭಾವ. ಅವನು ಹೇಳಿರಲಿಲ್ಲ."

ಅವರು ಅನುರಾಗನನ್ನು ಕೇಳಿದರು. ಅವನಿಗೆ ಆ ದಿನ 'ಇಲ್ಲಿ' ಬರಲೇ ಇಲ್ಲ, ಮೂರು ನಾಲ್ಕು ಸಲವೂ 'ನಾಳೆ'ಯೇ ಬಂತು. ನಾನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅವನು ಕ್ಯಾಮರಾದ ಎದುರು ಅಡ್ಡಡ್ಡ ತಲೆಯಾಡಿಸಿದ. ಭಾವ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡರು. ಈಗ ಅವರ ಫೋನ್ ಬರುವುದು ಕಡಿಮೆ. ಬಂದಾಗ ಹವಾಮಾನ ಕೇಳುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ನನಗೆ ನಾನೇ ಚೀಟಿ ಬರೆದುಕೊಂಡು ನೋಡಿದೆ. ಮೈಸೂರು ನೋಡಿದರೂ ಇಲ್ಲಿ ನೋಡಿದರೂ ಎರಡೂ ಬರಿಯ ಅಕ್ಷರ. ಹೇಗೆ ಉತ್ತರ ಕೊಡಲಿ? ನನಗೆ ಇಂಥದ್ದು ಬೇಕು ಎನ್ನುವ ಜಾಗದಲ್ಲಿ ಏನಿರುತ್ತಿತ್ತು ಎನ್ನುವುದೇ ಮರೆತುಹೋಗಿದೆ.

ಕಳೆದ ಭಾನುವಾರ ನೀವೆಲ್ಲ ಬಂದಾಗ ಗ್ರೋಸರಿಗೆ ಹೋಗಿಬರುತ್ತೇನೆಂದು ಹೊರಟೆ, ನೆನಪಿದೆಯೇ? ಸ್ಟೇಷನ್ ಪಕ್ಕ ಹಾದುಹೋಗುವಾಗ ಕಾರು ನಿಲ್ಲಿಸಿ, ಬಂದ ರೈಲು ಹತ್ತಿದೆ. ಎಲ್ಲಿಗೆಂದು ನೋಡಲಿಲ್ಲ. ಓಕ್‌ಲ್ಯಾಂಡಿನಲ್ಲಿ ಇಳಿದು ಲೇಕ್ ಮೆರಿಟ್ ದಂಡೆಯ ಬೆಂಚಿನಲ್ಲಿ ಕೂತೆ. ಬಾತುಗಳು, ಓಡುವವರು, ಯಾರದೋ ಹುಟ್ಟುಹಬ್ಬದ ಬಲೂನು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಯಾರ ಪರವಾಗಿಯೂ ನಾನು ಏನನ್ನೂ ಹೇಳಬೇಕಿರಲಿಲ್ಲ. ಸ್ವಲ್ಪ ಹೊತ್ತಾದಮೇಲೆ ಹೊಟ್ಟೆಯಲ್ಲಿ ಏನೋ ಸಂಕಟವಾಯಿತು. ಕಾಯಿಲೆಯೇನೋ ಎಂದು ಗಾಬರಿಯಾದೆ. ಆಮೇಲೆ ತಿಳಿಯಿತು, ಅದು ಹಸಿವು. ಈ ಒಂದೂವರೆ ವರ್ಷ ಹೊತ್ತಾಯಿತೆಂದು ತಿಂದಿದ್ದೇನೆಯೇ ಹೊರತು ಹಸಿವಾಯಿತೆಂದು ತಿಂದದ್ದಿಲ್ಲ. ರಸ್ತೆ ದಾಟಿ ಒಂದು ದೊಡ್ಡ ಬರೀಟೊ ತೆಗೆದುಕೊಂಡು ಪೂರ್ತಿ ತಿಂದೆ. ಕೈಮೇಲೆಲ್ಲ ಸಾಸು ಸುರಿಯಿತು.

ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಸಿವಾಯಿತು, ತಿಂದೆ. ಸದ್ಯಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಹಾಗಾಗಿ ಆ ದೋಣಿಗಾತಿ ನನಗೆ ಬೇಡ. ಬೇರೆ ಯಾರಿಗಾದರೂ ಕೊಡಿ. ನನಗೆ ಬೇಕಾದದ್ದು ಭಾನುವಾರದ ಮಧ್ಯಾಹ್ನಗಳು. ಇನ್ನುಮುಂದೆ ನೀವು ಬಂದ ಕೂಡಲೇ ನಾನು ಹೊರಡುತ್ತೇನೆ, ಸಂಜೆಗೆ ಬರುತ್ತೇನೆ. ಅವನ ಮಾತ್ರೆ, ಡಾಕ್ಟರ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಬಚ್ಚಲಿಗೆ ಹೋಗುವಾಗ ಹಿಂದೆ ಹೋಗಬೇಡಿ, ಅವನಿಗೆ ಹಿಡಿಸುವುದಿಲ್ಲ. ಬಾಗಿಲ ಹತ್ತಿರ ಇದ್ದರೆ ಸಾಕು. ಇದನ್ನೆಲ್ಲ ನಾನು ಅವನಿಗೆ ಓದಿ ಹೇಳಿ, ನಿನ್ನ ಅಭಿಪ್ರಾಯವೇನು ಎಂದು ಕೇಳಿದೆ. ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಈಚೆಗೆ ಥೆರಪಿಸ್ಟು ಅವನ ಎಡಗೈಯಲ್ಲಿ ಒಂದೊಂದೇ ಮಾತು ಬರೆಸುತ್ತಿದ್ದಾಳೆ. ಹೇಳುವುದಿದ್ದರೆ ನಿಮಗೆ ಅವನೇ ಹೇಳಲಿ.

ಸಂಯುಕ್ತಾ


ವಾಲ್ನಟ್ ಕ್ರೀಕ್
3 ಅಕ್ಟೋಬರ್ 2025

ಸುಘೋಷ

ಶನಿವಾರ ಅಲ್ಲ ಭಾನುವಾರ. ಬಾ. ಗಾರ್ಗಿ ಗಾನವಿ ಬಾ.

ಸಂಯುಕ್ತಾ ಇಲ್ಲ. ರೈಲು. ಒಳ್ಳೆದು.

ಕಾಫಿ ನಾನು.

ಅನು